ಕ್ಲಿಕ್ಕು ಯಂತ್ರದ್ದು, ಸಹಿ ಮಾಲೀಕರದ್ದು

ಎನ್‌ಎಫ್‌ಟಿ ಎನ್ನುವುದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ಸೇರುವ ಒಂದು ದಾಖಲೆ. ಚಿತ್ರ, ಫೋಟೊ, ಹಾಡು, ವಿಡಿಯೊ ಮುಂತಾದ ಡಿಜಿಟಲ್ ವಸ್ತುವಿಗೆ ಸಂಬಂಧಿಸಿದ ಟೋಕನ್ ಸದ್ಯ ಯಾರ ಕೈಯಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಪಹಣಿಯಲ್ಲಿ ಜಮೀನು ಇರುವುದಿಲ್ಲ, ಜಮೀನು ಯಾರ ಹೆಸರಿನಲ್ಲಿದೆ ಎಂಬುದಿರುತ್ತದೆ. ಹಾಗೆಯೇ ಬಹುಪಾಲು ಟೋಕನ್‌ಗಳಲ್ಲಿ ಚಿತ್ರ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಇಂಥ ಟೋಕನ್‌ಗಳು ಹೇಗಿರಬೇಕು ಎಂದು ಗೊತ್ತುಮಾಡುವ ಇಆರ್‌ಸಿ-721 ಮಾನದಂಡ ಪ್ರಸ್ತಾಪವಾದದ್ದು 2018ರ ಜನವರಿಯಲ್ಲಿ. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಓಪನ್‌ಸೀ ಎಂಬ ಮಾರುಕಟ್ಟೆ ಶುರುವಾಗಿತ್ತು. ಜನಸಾಮಾನ್ಯರ ಕಿವಿಗೆ ಎನ್‌ಎಫ್‌ಟಿ ಎಂಬ ಹೆಸರು ಬಿದ್ದದ್ದು 2021ರ ಮಾರ್ಚ್ 11ರ ನಂತರ. ಅಂದು ಬೀಪಲ್ ಎಂಬ ಕಲಾವಿದನ ಒಂದು ಡಿಜಿಟಲ್ ಕೃತಿ ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಮಾರಾಟವಾಯಿತು. ಕೊಂಡವರು ತಮಿಳುನಾಡು ಮೂಲದ ವಿಘ್ನೇಶ್ ಸುಂದರೇಶನ್.

ಇಂಥ ಮಾರುಕಟ್ಟೆಯಲ್ಲಿ ವಸ್ತುವೊಂದನ್ನು ಮಾರಾಟಕ್ಕಿಡುವ ಕೆಲಸ ಕಷ್ಟದ್ದಲ್ಲ, ಬೇಸರದ್ದು. ಫೈಲ್ ಏರಿಸಬೇಕು, ಹೆಸರು ಕೊಡಬೇಕು, ವಿವರಣೆ ಬರೆಯಬೇಕು, ಗುಣಲಕ್ಷಣಗಳನ್ನು ತುಂಬಬೇಕು, ಬೆಲೆ ಹಾಕಬೇಕು, ಮಾರಾಟದ ಗಡುವು ಆರಿಸಬೇಕು, ಕೊನೆಗೆ ವಾಲೆಟ್ಟಿನಲ್ಲಿ, ಅಂದರೆ ಟೋಕನ್ನಿನ ಗುಪ್ತ ಕೀ ಇಟ್ಟುಕೊಳ್ಳುವ ತಂತ್ರಾಂಶದಲ್ಲಿ, ಸಹಿ ಮಾಡಬೇಕು. ಒಂದು ಚಿತ್ರಕ್ಕೆ ಐದು ನಿಮಿಷ ಎಂದುಕೊಂಡರೂ ಇನ್ನೂರು ಚಿತ್ರಕ್ಕೆ ಹದಿನಾರು ತಾಸಿನ ಮೇಲಾಗುತ್ತದೆ. ಆಮೇಲೆ ಬೆಲೆ ಏರಿತೇ ಇಳಿಯಿತೇ ಎಂದು ನೋಡುತ್ತಿರಬೇಕು, ಯಾರಾದರೂ ಕಡಿಮೆ ಬೆಲೆಗೆ ಕೇಳಿದರೆ ಉತ್ತರಿಸಬೇಕು, ಮಾರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ಪ್ರೋಗ್ರಾಮಿಂಗ್ ಬಲ್ಲವರು ಇದನ್ನೆಲ್ಲ ಸ್ಕ್ರಿಪ್ಟ್ ಬರೆದು ಮುಗಿಸುತ್ತಾರೆ. ಬಾರದವರಿಗೂ ಈಗ ದಾರಿಗಳಿವೆ. ಅವುಗಳಲ್ಲಿ ಕೆಲವು ನಿಜಕ್ಕೂ ಉಪಕಾರಿ, ಕೆಲವು ಅಪಾಯಕಾರಿ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯದೆ ಯಾವುದನ್ನೂ ಶುರುಮಾಡಬಾರದು.

ಬಾಣಾವರದ ಒಬ್ಬ ಫೋಟೊಗ್ರಾಫರ್ ಹೊಯ್ಸಳ ಶಿಲ್ಪಗಳ ಇನ್ನೂರು ಫೋಟೊ ತೆಗೆದು ಮಾರಾಟಕ್ಕಿಡಲು ಹೊರಟಿದ್ದಾರೆ ಎಂದು ಭಾವಿಸಬಹುದು. ಹಳೇಬೀಡು, ಬೇಲೂರು, ಜಾವಗಲ್, ಹಾರನಹಳ್ಳಿ ಯಾವುದೂ ಬಾಣಾವರಕ್ಕೆ ದೂರವಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಶಿಲ್ಪಗಳ ಬಗ್ಗೆ ಹೊರಗಿನವರ ಕುತೂಹಲವೂ ಹೆಚ್ಚಿದೆ. ಈ ಕೆಲಸದ ಮೊದಲ ಹೆಜ್ಜೆ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡುವುದು. ಒಂದು ಸಾಲಿಗೆ ಒಂದು ಫೋಟೊ. ಕಾಲಂಗಳಲ್ಲಿ ಟೋಕನ್ ಸಂಖ್ಯೆ, ಹೆಸರು, ವಿವರಣೆ, ಫೈಲಿನ ಹೆಸರು, ಊರು, ದೇವಾಲಯ, ಶತಮಾನ. ಈ ಪಟ್ಟಿಯನ್ನು ಸಿಎಸ್‌ವಿ ಎಂಬ ಸರಳ ರೂಪದಲ್ಲಿ ಉಳಿಸಿ, ಫೋಟೊಗಳ ಜೊತೆಗೆ ಒಟ್ಟಿಗೇ ಏರಿಸುವ ಅನುಕೂಲವನ್ನು ಓಪನ್‌ಸೀಯಂಥ ಮಾರುಕಟ್ಟೆಗಳು ತಾವೇ ಕೊಟ್ಟಿವೆ. ಇನ್ನೂರು ಸಲ ಮಾಡಬೇಕಾದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಕೋಡ್ ಇಲ್ಲದ ಸ್ವಯಂಚಾಲನೆಯಲ್ಲಿ ಅತಿ ಸುರಕ್ಷಿತವಾದದ್ದು, ಮತ್ತು ಅತಿ ಹೆಚ್ಚು ಸಮಯ ಉಳಿಸುವುದು, ಇದೇ.

ಕನ್ನಡದಲ್ಲಿ ಹೆಸರು, ವಿವರಣೆ ಕೊಡುವವರು ಇಲ್ಲಿ ಎರಡು ಕಡೆ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ ಆಯ್ಕೆಯಿಂದ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ. 'ಸಿಎಸ್‌ವಿ ಯುಟಿಎಫ್-8' ಎಂಬ ಬೇರೆ ಆಯ್ಕೆಯನ್ನೇ ಒತ್ತಬೇಕು. ಗೂಗಲ್ ಶೀಟ್ಸ್‌ನಿಂದ ಇಳಿಸಿಕೊಂಡರೆ ಈ ತೊಂದರೆ ಇಲ್ಲ. ಎರಡನೆಯದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಚೆಂದವಾಗಿ ಕಾಣುತ್ತದೆ, ಮಾರುಕಟ್ಟೆಗೆ ಹೋದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಪಟ್ಟಿಗೆ ತುಂಬಬೇಕು. ವಿವರಗಳನ್ನು ಒಮ್ಮೆ ಶಾಶ್ವತಗೊಳಿಸಿದ ಮೇಲೆ ತಿದ್ದಲು ಬರುವುದಿಲ್ಲವಾದ್ದರಿಂದ, ಇನ್ನೂರನ್ನೂ ಏರಿಸುವ ಮೊದಲು ಎರಡು ಮೂರನ್ನು ಏರಿಸಿ ನೋಡುವುದು ಒಳ್ಳೆಯದು.

ಪಟ್ಟಿಯಲ್ಲಿ ಯಂತ್ರದಿಂದ ಆಗದ ಕೆಲಸವೂ ಒಂದಿದೆ. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದವರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಹದಿಮೂರನೆಯ ಶತಮಾನದ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಯಾವ ಶಿಲ್ಪ ಯಾರದು ಎಂದು ಪೀಠದ ಬರಹ ಓದಿ ಪಟ್ಟಿಗೆ ಸೇರಿಸುವುದು ಫೋಟೊ ತೆಗೆದವರ ಹೊಣೆ. ವಿವರಣೆಗಳನ್ನು ಎಐ ಉಪಕರಣದಿಂದ ಸಾಲುಸಾಲಾಗಿ ಬರೆಸಿ ತುಂಬಿಬಿಡುವವರಿದ್ದಾರೆ. ತಪ್ಪು ಶಿಲ್ಪಿಯ ಹೆಸರು ಅಳಿಸಲಾಗದ ದಾಖಲೆಯಲ್ಲಿ ಸೇರಿಹೋದರೆ ಅದನ್ನು ಸರಿಪಡಿಸುವವರಿಲ್ಲ. ಕೃತಿಯ ಮೂಲ ಯಾವುದೆಂದು ದಾಖಲಿಸುವುದೇ ಎನ್‌ಎಫ್‌ಟಿಯ ದೊಡ್ಡ ಹೆಗ್ಗಳಿಕೆಯಾಗಿರುವಾಗ ಈ ಕಾಲಂಗೆ ಬೇಕಾದ ಸಮಯ ಕೊಡಲೇಬೇಕು.

ಸಿಎಸ್‌ವಿ ಪಟ್ಟಿ ಮೊದಲ ಬಗೆಯಾದರೆ, ಎರಡನೆಯ ಬಗೆಯ ಸಾಧನಗಳು ಒಂದು ಆನ್‌ಲೈನ್ ಸೇವೆಯನ್ನು ಇನ್ನೊಂದಕ್ಕೆ ಜೋಡಿಸುವಂಥವು. ಜ಼ೇಪಿಯರ್, ಮೇಕ್, ಐಎಫ್‌ಟಿಟಿಟಿ, ಎನ್8ಎನ್ ಇವು ಹೆಸರಾದವು. ಇವುಗಳ ವ್ಯಾಕರಣ ಒಂದೇ: ಹೀಗಾದರೆ ಹಾಗೆ ಮಾಡು. ಮಾರುಕಟ್ಟೆಗಳು ತಮ್ಮ ಮಾಹಿತಿಯನ್ನು ಬೇರೆ ತಂತ್ರಾಂಶಗಳು ಓದಲೆಂದು ಎಪಿಐ ಎಂಬ ಬಾಗಿಲು ತೆರೆದಿಟ್ಟಿರುತ್ತವೆ. ಅದಕ್ಕೊಂದು ಕೀ ಪಡೆದು, ಮೇಕ್ ಅಥವಾ ಎನ್8ಎನ್‌ನ ಚೌಕದೊಳಗೆ ಅಂಟಿಸಿದರೆ, ಗಂಟೆಗೊಮ್ಮೆ ಸಂಗ್ರಹದ ಅತಿ ಕಡಿಮೆ ಬೆಲೆ, ಅಂದರೆ ಫ್ಲೋರ್ ಪ್ರೈಸ್, ತಾನಾಗಿ ಗೂಗಲ್ ಶೀಟಿನ ಹೊಸ ಸಾಲಿಗೆ ಬಂದು ಬೀಳುತ್ತದೆ. ಅದರ ಮುಂದೆ ಇನ್ನೊಂದು ಚೌಕ ಸೇರಿಸಿ, ಬೆಲೆ ಇಷ್ಟಕ್ಕಿಂತ ಇಳಿದರೆ ಟೆಲಿಗ್ರಾಂಗೆ ಸಂದೇಶ ಕಳಿಸು ಎಂದು ಹೇಳಬಹುದು. ಟೆಲಿಗ್ರಾಂ ಬಾಟ್ ಮಾಡಿಕೊಳ್ಳಲೂ ಕೋಡ್ ಬೇಡ. ಬಾಟ್‌ಫಾದರ್ ಎಂಬ ಖಾತೆಗೆ ಸಂದೇಶ ಕಳಿಸಿ, ಅದು ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾ ಹೋದರೆ ಸಾಕು. ಮಾರಾಟವಾದಾಗ ಸಂದೇಶ, ಯಾರಾದರೂ ಬೆಲೆ ಕೇಳಿದಾಗ ಸಂದೇಶ, ಮಾರಾಟದ ಗಡುವು ಮುಗಿಯುವ ಮುನ್ನಾದಿನ ಸಂದೇಶ, ಎಲ್ಲವೂ ಹೀಗೆ ಸಾಧ್ಯ. ಜ಼ೇಪಿಯರ್, ಮೇಕ್‌ಗಳಲ್ಲಿ ತಿಂಗಳಿಗೆ ಇಷ್ಟು ಸಲ ಮಾತ್ರ ಉಚಿತ ಎಂಬ ಮಿತಿ ಇದೆ. ಎನ್8ಎನ್ ಅನ್ನು ಸ್ವಂತ ಕಂಪ್ಯೂಟರಿನಲ್ಲೇ ನಡೆಸಿಕೊಳ್ಳಬಹುದು. ಇವೆಲ್ಲ ನೋಡುವ, ಬರೆದಿಡುವ, ತಿಳಿಸುವ ಕೆಲಸಗಳು. ಎಪಿಐ ಕೀಯನ್ನು ಇತರರಿಗೆ ಕಾಣದಂತೆ ಇಟ್ಟುಕೊಂಡರೆ ಇವುಗಳಲ್ಲಿ ಹಣ ಹೋಗುವ ಭಯವಿಲ್ಲ.

ಮೂರನೆಯ ಬಗೆ ಬ್ರೌಸರಿನೊಳಗೆ ಕುಳಿತು ಮನುಷ್ಯನ ಕೈಚಳಕವನ್ನೇ ಅನುಕರಿಸುವಂಥದು. ಸೆಲೆನಿಯಂ ಐಡಿಇ ಇದಕ್ಕೆ ಹಳೆಯ ಉದಾಹರಣೆ. ಒಮ್ಮೆ ಮಾಡಿದ ಕ್ಲಿಕ್ಕು, ಟೈಪಿಂಗ್ ಎಲ್ಲವನ್ನೂ ದಾಖಲಿಸಿಕೊಂಡು ಅದು ಮತ್ತೆ ಮತ್ತೆ ಮಾಡುತ್ತದೆ. ಆಟೊಮಾದಂಥ ಎಕ್ಸ್‌ಟೆನ್ಶನ್‌ಗಳಲ್ಲಿ ಬ್ಲಾಕುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕೆಲಸದ ಸರಣಿ ಕಟ್ಟಬಹುದು: ಈ ಪುಟ ತೆರೆ, ಈ ಚೌಕದಲ್ಲಿ ಶೀಟಿನ ಎರಡನೆಯ ಕಾಲಂ ತುಂಬು, ಈ ಬಟನ್ ಒತ್ತು, ಮುಂದಿನ ಸಾಲಿಗೆ ಹೋಗು. ನೋಡಲು ಮೋಹಕ, ನಡೆಸಲು ತಲೆನೋವು. ಮಾರುಕಟ್ಟೆಯವರು ಪುಟದಲ್ಲಿ ಒಂದು ಬಟನ್ ಆಚೀಚೆ ಮಾಡಿದರೆ ಇಡೀ ಸರಣಿ ನಿಂತುಹೋಗುತ್ತದೆ, ಇಲ್ಲವೇ ತಪ್ಪು ಚೌಕದಲ್ಲಿ ತಪ್ಪು ಅಂಕಿ ತುಂಬುತ್ತದೆ. ಇದಕ್ಕಿಂತ ಮುಖ್ಯವಾದದ್ದು, ತಮ್ಮ ಒಪ್ಪಿಗೆಯಿಲ್ಲದ ಬಾಟ್, ಸ್ಕ್ರಿಪ್ಟ್, ಬ್ರೌಸರ್ ಎಕ್ಸ್‌ಟೆನ್ಶನ್‌ಗಳಿಂದ ತಾಣವನ್ನು ಬಳಸುವುದನ್ನು ದೊಡ್ಡ ಮಾರುಕಟ್ಟೆಗಳು ತಮ್ಮ ನಿಯಮಗಳಲ್ಲೇ ನಿಷೇಧಿಸಿವೆ. ಸಿಕ್ಕಿಬಿದ್ದ ಖಾತೆ ಮುಚ್ಚಿಹೋದರೆ ಕೇಳುವಂತಿಲ್ಲ. ಸಿಎಸ್‌ವಿ ದಾರಿ ತೆರೆದಿರುವಾಗ ಈ ದಾರಿ ಹಿಡಿಯಲು ಕಾರಣ ಕಾಣುವುದಿಲ್ಲ.

ಪ್ರೋಗ್ರಾಮಿಂಗ್ ಗೊತ್ತಿಲ್ಲದ ಜನ ಸ್ವಯಂಚಾಲಿತ ಮಾರುಕಟ್ಟೆಯನ್ನು ದಿನನಿತ್ಯ ಬಳಸುವುದಕ್ಕೆ ಅತಿ ಹತ್ತಿರದ ಉದಾಹರಣೆ ಬಾಣಾವರದ ಸಮೀಪದ ಅರಸೀಕೆರೆಯ ಎಪಿಎಂಸಿ ಯಾರ್ಡಿನಲ್ಲೇ ಇದೆ. ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪನಿಯನ್ನು ಕಟ್ಟಿದವು. ಅದು ರೂಪಿಸಿದ ಏಕೀಕೃತ ಮಾರುಕಟ್ಟೆ ವೇದಿಕೆ ಮುಂದಿನ ವರ್ಷಗಳಲ್ಲಿ ರಾಜ್ಯದ 150ಕ್ಕೂ ಹೆಚ್ಚು ಮಾರುಕಟ್ಟೆಗಳಿಗೆ ಹರಡಿತು. ಕೇಂದ್ರದ ಇ-ನಾಮ್ ಶುರುವಾದದ್ದು ಅದಕ್ಕೂ ಎರಡು ವರ್ಷ ತಡವಾಗಿ, 2016ರ ಏಪ್ರಿಲಿನಲ್ಲಿ. ಕೊಬ್ಬರಿ ಗೇಟಿನೊಳಗೆ ಬಂದಾಗ ಅದಕ್ಕೊಂದು ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಮಾಲು ನೋಡಿಕೊಂಡು, ತಮ್ಮ ಲಾಗಿನ್‌ನಿಂದ ಒಂದೊಂದು ಲಾಟಿಗೂ ಬೆಲೆ ನಮೂದಿಸುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣದು. ಹೊತ್ತು ಮುಗಿದೊಡನೆ ಕಂಪ್ಯೂಟರು ಒಂದೊಂದು ಲಾಟಿನ ಅತಿ ಹೆಚ್ಚಿನ ಬೆಲೆಯನ್ನು ತಾನೇ ಆರಿಸಿ, ರೈತರ ಮೊಬೈಲಿಗೆ ಎಸ್‌ಎಂಎಸ್ ಕಳಿಸುತ್ತದೆ. ಮೊದಲು ಗುಮಾಸ್ತರು ಚೀಟಿ ಎಣಿಸಿ ಮಾಡುತ್ತಿದ್ದ ಕೆಲಸ ಇದು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದದ್ದು ಆ ಎಸ್‌ಎಂಎಸ್ ನಂತರದ ಹೆಜ್ಜೆ. ಯಂತ್ರ ಬೆಲೆ ಹುಡುಕಿಕೊಟ್ಟಿತೇ ಹೊರತು ಮಾರಾಟ ಮುಗಿಸಲಿಲ್ಲ. ಆ ಬೆಲೆ ಗಿಟ್ಟದು ಅನ್ನಿಸಿದರೆ ರೈತ ಒಪ್ಪದೆ, ಮಾಲನ್ನು ಮುಂದಿನ ಟೆಂಡರಿಗೆ ಇಟ್ಟುಕೊಳ್ಳಬಹುದು. ಒಪ್ಪಿದರೆ ಮಾತ್ರ ತೂಕ, ಬಿಲ್ಲು, ಹಣ. ಎಣಿಸುವ, ಹೋಲಿಸುವ, ತಿಳಿಸುವ ಕೆಲಸ ಯಂತ್ರಕ್ಕೆ. ಹೂಂ ಅನ್ನುವ ಹಕ್ಕು ಮಾಲಿನ ಒಡೆಯನಿಗೆ. ಈ ವಿನ್ಯಾಸ ಮಾಡಿದವರು ವಿವೇಕಿಗಳು.

ಎನ್‌ಎಫ್‌ಟಿ ಮಾರುಕಟ್ಟೆಯಲ್ಲಿ, ಬೆಲೆ ಹಾಕಿ ಲಿಸ್ಟ್ ಮಾಡಿದ ಟೋಕನ್ನಿಗೆ ಆ ಕೊನೆಯ ಹೆಜ್ಜೆ ಇಲ್ಲ. ಅಲ್ಲಿ ಒಪ್ಪಿಗೆಯನ್ನು ಮೊದಲೇ ಕೊಟ್ಟಿರಬೇಕು. ಲಿಸ್ಟ್ ಮಾಡುವುದು ಎಂದರೆ, ಈ ಟೋಕನ್ನನ್ನು ಇಷ್ಟು ಬೆಲೆಗೆ ಯಾರು ಬೇಕಾದರೂ ಕೊಳ್ಳಬಹುದು ಎಂಬ ಕರಾರಿಗೆ ವಾಲೆಟ್ಟಿನ ಗುಪ್ತ ಕೀಯಿಂದ ಸಹಿ ಹಾಕುವುದು. ಸಹಿ ಬಿದ್ದ ಮೇಲೆ ಕೊಳ್ಳುವವರು ಹಣ ಕಟ್ಟಿದರೆ ಮುಗಿಯಿತು. ಮಾರುವವರನ್ನು ಮತ್ತೆ ಯಾರೂ ಕೇಳುವುದಿಲ್ಲ. ಕೊಳ್ಳುವ ಬದಿಯಲ್ಲಿ ನಿದ್ದೆಯಿಲ್ಲದ ಬಾಟ್‌ಗಳು ಅಗ್ಗದ ಲಿಸ್ಟಿಂಗ್‌ಗಳಿಗಾಗಿ ಕಾದಿರುತ್ತವೆ.

2021ರ ಡಿಸೆಂಬರಿನ ಪ್ರಕರಣವೊಂದು ಇದಕ್ಕೆ ಸಾಕ್ಷಿ. ಬೋರ್ಡ್ ಏಪ್ ಎಂಬ ಎನ್‌ಎಫ್‌ಟಿ ಸಂಗ್ರಹದ 3547ನೇ ಟೋಕನ್ನಿನ ಒಡೆಯ 75 ಈಥರ್ (ಇಥೀರಿಯಂ ಜಾಲದ ಹಣ) ಎಂದು ನಮೂದಿಸಲು ಹೋಗಿ 0.75 ಎಂದು ಒತ್ತಿದರು. ತಪ್ಪು ಕಣ್ಣಿಗೆ ಬಿತ್ತು, ರದ್ದು ಮಾಡಲು ಹೊತ್ತು ಸಿಗಲಿಲ್ಲ. ಒಂದು ಬಾಟ್ ತನ್ನ ಖರೀದಿಯೇ ಮೊದಲು ದಾಖಲಾಗಲೆಂದು ಗ್ಯಾಸ್ ಎಂಬ ದಾಖಲಾತಿ ಶುಲ್ಕಕ್ಕೇ ಸುಮಾರು 34,000 ಡಾಲರ್ ಸುರಿದು, ಸುಮಾರು ಮೂರು ಸಾವಿರ ಡಾಲರಿಗೆ ಅದನ್ನು ಎತ್ತಿಕೊಂಡಿತು. ಆಗ ಆ ಟೋಕನ್ನಿನ ಮೌಲ್ಯ ಎರಡು ಲಕ್ಷ ಡಾಲರಿಗೂ ಮೇಲೆ. ಅರಸೀಕೆರೆಯ ಯಾರ್ಡಿನಲ್ಲಿ ಅಷ್ಟು ಕಡಿಮೆ ಬೆಲೆ ಕಂಡಿದ್ದರೆ ಒಡೆಯರು ಒಲ್ಲೆ ಎಂದು ಮಾಲು ಉಳಿಸಿಕೊಳ್ಳುತ್ತಿದ್ದರು.

ಮುಂದಿನ ತಿಂಗಳೇ ಇನ್ನೊಂದು ಬಗೆಯ ನಷ್ಟ ಬೆಳಕಿಗೆ ಬಂತು. ಹಳೆಯ ಲಿಸ್ಟಿಂಗನ್ನು ಬ್ಲಾಕ್‌ಚೈನಿನಲ್ಲಿ ರದ್ದು ಮಾಡಲು ಗ್ಯಾಸ್ ಶುಲ್ಕ ಬೀಳುತ್ತದೆಂದು ಹಲವರು ಟೋಕನ್ನನ್ನು ತಮ್ಮದೇ ಬೇರೊಂದು ವಾಲೆಟ್ಟಿಗೆ ವರ್ಗಾಯಿಸಿ, ಲಿಸ್ಟಿಂಗ್ ಪುಟದಿಂದ ಮರೆಯಾದದ್ದನ್ನು ಕಂಡು ಸುಮ್ಮನಾಗಿದ್ದರು. ಆದರೆ ಹಿಂದೆ ಹಾಕಿದ ಸಹಿ ಜೀವಂತವಾಗಿಯೇ ಇತ್ತು. ಟೋಕನ್ ಹಳೆಯ ವಾಲೆಟ್ಟಿಗೆ ಮರಳಿದೊಡನೆ ಹಳೆಯ ಬೆಲೆಯೂ ಚಾಲ್ತಿಗೆ ಬಂತು. ಬೋರ್ಡ್ ಏಪ್ 9991 ಹೀಗೆ 0.77 ಈಥರಿಗೆ ಕೈಬಿಟ್ಟು, ಕೊಂಡವರಿಂದ 84.2 ಈಥರಿಗೆ ಮಾರಾಟವಾಯಿತು. 2022ರ ಫೆಬ್ರವರಿ 19ರಂದು ನಡೆದದ್ದು ನೇರ ವಂಚನೆ. ಬಹುಪಾಲು ಖಾಲಿಯಿದ್ದ ಕರಾರಿಗೆ ಬಳಕೆದಾರರಿಂದ ಉಪಾಯವಾಗಿ ಸಹಿ ಮಾಡಿಸಿಕೊಂಡ ವಂಚಕರು, ಓಪನ್‌ಸೀ ಕೊಟ್ಟ ಲೆಕ್ಕದ ಪ್ರಕಾರ 17 ಜನರ ಟೋಕನ್‌ಗಳನ್ನು ದೋಚಿದರು. ಮೂರೂ ಪ್ರಕರಣಗಳಲ್ಲಿ ಯಂತ್ರ ತನಗೆ ಹೇಳಿದ್ದನ್ನೇ ಮಾಡಿತು. ಹಾನಿಯಾದದ್ದು ಸಹಿಯ ಹಂತದಲ್ಲಿ.

ಆದ್ದರಿಂದ ಸ್ವಯಂಚಾಲನೆಯ ಗೆರೆಯನ್ನು ಎಳೆಯಬೇಕಾದದ್ದು ಸಹಿಯ ಈಚೆಗೆ. ವಾಲೆಟ್ ತೆರೆಯುವ ಹನ್ನೆರಡು ಪದಗಳ ಸೀಡ್ ಫ್ರೇಸ್ ಅಥವಾ ಗುಪ್ತ ಕೀ ಕೇಳುವ ಯಾವ ಉಪಕರಣವೂ ಬೇಡ. ನಿಮ್ಮ ಪರವಾಗಿ ತಾನೇ ಕೊಂಡು ಮಾರಿ ಲಾಭ ತರುತ್ತೇನೆ ಎನ್ನುವ ಬಾಟ್‌ಗಳು ಸಾಮಾನ್ಯವಾಗಿ ಈ ಕೀ ಇಲ್ಲದೆ ನಡೆಯುವುದಿಲ್ಲ. ಕೀ ಕೊಟ್ಟ ಮೇಲೆ ವಾಲೆಟ್ಟಿನ ಒಡೆತನ ಅವುಗಳದ್ದೇ. ಸಂಗ್ರಹದ ಎಲ್ಲ ಟೋಕನ್‌ಗಳನ್ನೂ ಸಾಗಿಸಲು ಒಂದೇ ಏಟಿಗೆ ಅನುಮತಿ ಕೊಡುವ ಸಹಿಯೂ ಒಂದಿದೆ. ವಾಲೆಟ್ ಅದನ್ನು ತೋರಿಸಿದಾಗ ಕೇಳುತ್ತಿರುವವರು ಯಾರು ಎಂದು ಓದಿಯೇ ಮುಂದುವರಿಯಬೇಕು. ಹಿಂದೆ ಕೊಟ್ಟ ಅನುಮತಿಗಳನ್ನು ರಿವೋಕ್ ಡಾಟ್ ಕ್ಯಾಶ್‌ನಂಥ ತಾಣಗಳಲ್ಲಿ ನೋಡಿ ಹಿಂಪಡೆಯಬಹುದು. ಮಾರಾಟಕ್ಕೆಂದೇ ಒಂದು ವಾಲೆಟ್, ಉಳಿತಾಯಕ್ಕೆ ಇನ್ನೊಂದು ಇಟ್ಟುಕೊಳ್ಳುವುದು ಬಲ್ಲವರ ರೂಢಿ.

ಯಂತ್ರಕ್ಕೆ ಧೈರ್ಯವಾಗಿ ಒಪ್ಪಿಸಬಹುದಾದ ಇನ್ನೊಂದು ಕೆಲಸ ಲೆಕ್ಕ. ಭಾರತದಲ್ಲಿ ಕ್ರಿಪ್ಟೊ ಮತ್ತು ಎನ್‌ಎಫ್‌ಟಿಗಳು ವರ್ಚುವಲ್ ಡಿಜಿಟಲ್ ಆಸ್ತಿಗಳ ಗುಂಪಿಗೆ ಸೇರುತ್ತವೆ. ಅವುಗಳ ವರ್ಗಾವಣೆಯಿಂದ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ಆದಾಯ ತೆರಿಗೆ ಇದೆ. ಅದೇ ವರ್ಷದ ಜುಲೈ 1ರಿಂದ, ನಿಗದಿತ ಮಿತಿ ದಾಟಿದ ವ್ಯವಹಾರಗಳಲ್ಲಿ ಶೇ. 1 ಟಿಡಿಎಸ್ ಕಡಿತವಿದೆ. ಕೊಂಡ ಬೆಲೆಯ ಹೊರತು ಬೇರೆ ಖರ್ಚು ಕಳೆಯುವಂತಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಹೊಂದಿಸುವಂತಿಲ್ಲ. ಹೀಗಿರುವಾಗ ಪ್ರತಿ ಮಾರಾಟದ ದಿನಾಂಕ, ವ್ಯವಹಾರದ ಸಂಖ್ಯೆ, ಈಥರ್ ಮೊತ್ತ, ಅಂದಿನ ರೂಪಾಯಿ ದರ ಇವು ತಾವಾಗಿ ಶೀಟಿಗೆ ಬಂದು ಕೂರುವಂತೆ ಮಾಡಿಕೊಂಡರೆ ವರ್ಷದ ಕೊನೆಗೆ ಲೆಕ್ಕಪರಿಶೋಧಕರ ಮುಂದೆ ತಡಕಾಡಬೇಕಾಗಿಲ್ಲ. ಸ್ವಂತವಾಗಿ ಸೃಷ್ಟಿಸಿದ ಕೃತಿಯ ಮಾರಾಟಕ್ಕೆ ತೆರಿಗೆ ಹೇಗೆ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ಈಥರನ್ನು ರೂಪಾಯಿಗೆ ಬದಲಿಸಿಕೊಳ್ಳಲು ಎಕ್ಸ್‌ಚೇಂಜ್‌ಗಳಿವೆ. ಅವುಗಳಲ್ಲೊಂದಾದ, 2013ರಲ್ಲಿ ಶುರುವಾದ ಯುನೊಕಾಯಿನ್ ಹುಟ್ಟಿದ್ದು ತುಮಕೂರಿನಲ್ಲಿ. 2023ರ ಮಾರ್ಚಿನಿಂದ ಇಂಥ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ, ಗ್ರಾಹಕರ ಗುರುತಿನ ದಾಖಲೆ ಇಲ್ಲದೆ ಖಾತೆ ತೆರೆಯುವಂತಿಲ್ಲ.

ಏರಿಸುವ ಕೆಲಸ ಸುಲಭವಾದದ್ದರಿಂದ ಮಾರುಕಟ್ಟೆಗೆ ಆದ ಕೇಡನ್ನೂ ಹೇಳಬೇಕು. ತನ್ನ ಉಚಿತ ಸೃಷ್ಟಿ ಸಾಧನದಿಂದ ಬಂದ ವಸ್ತುಗಳಲ್ಲಿ ಶೇ. 80ಕ್ಕೂ ಹೆಚ್ಚು ಕದ್ದ ಕೃತಿಗಳು, ನಕಲಿ ಸಂಗ್ರಹಗಳು, ಕಸ ಎಂದು 2022ರ ಜನವರಿಯಲ್ಲಿ ಓಪನ್‌ಸೀ ತಾನೇ ಒಪ್ಪಿಕೊಂಡಿತು. ಹನ್ನೆರಡನೆಯ ಶತಮಾನದ ಶಿಲ್ಪದ ಮೇಲೆ ಇಂದು ಯಾರ ಕೃತಿಸ್ವಾಮ್ಯವೂ ಇಲ್ಲ, ಅದರ ಫೋಟೊ ತೆಗೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಆದರೆ ಬೇರೊಬ್ಬರು ತೆಗೆದ ಫೋಟೊ ಅವರ ಸ್ವತ್ತು. ಇಂಟರ್‌ನೆಟ್‌ನಲ್ಲಿ ಸಿಕ್ಕ ಹಳೇಬೀಡಿನ ಚಿತ್ರಗಳನ್ನು ಗುಡ್ಡೆಹಾಕಿ ಏರಿಸುವುದು ಕಳ್ಳತನವೇ. ಕೊಳ್ಳುವವರಿಗೂ ತಿಳಿದಿರಲಿ: ಟೋಕನ್ ಕೊಂಡ ಮಾತ್ರಕ್ಕೆ ಚಿತ್ರದ ಕೃತಿಸ್ವಾಮ್ಯ ಕೈಗೆ ಬರುವುದಿಲ್ಲ, ಬರವಣಿಗೆಯಲ್ಲಿ ಹಾಗೆ ಕೊಟ್ಟಿದ್ದರೆ ಮಾತ್ರ ಬರುತ್ತದೆ.

ಯಾವ ಸ್ವಯಂಚಾಲನೆಯೂ ಗಿರಾಕಿಯನ್ನು ಕರೆತರುವುದಿಲ್ಲ. 2022ರ ನಂತರ ಎನ್‌ಎಫ್‌ಟಿ ವಹಿವಾಟು ತೀವ್ರವಾಗಿ ಕುಸಿದಿದೆ. 2025ರ ಫೆಬ್ರವರಿಯಲ್ಲಿ ಕ್ರಾಕನ್ ತನ್ನ ಎನ್‌ಎಫ್‌ಟಿ ಮಾರುಕಟ್ಟೆ ಮುಚ್ಚಿತು, ಏಪ್ರಿಲ್ ಕೊನೆಗೆ ಎಕ್ಸ್2ವೈ2 ಬಾಗಿಲು ಹಾಕಿತು. ಮಾರುಕಟ್ಟೆ ಮುಚ್ಚಿದರೂ ಸ್ವಂತ ವಾಲೆಟ್ಟಿನ ಟೋಕನ್ ಬ್ಲಾಕ್‌ಚೈನಿನಲ್ಲಿ ಉಳಿಯುತ್ತದೆ, ಆದರೆ ಆ ತಾಣಕ್ಕೆ ಹೊಂದಿಸಿದ ಜೋಡಣೆಗಳೆಲ್ಲ ಅಂದೇ ವ್ಯರ್ಥ. ಮೂಲ ಪಟ್ಟಿ ಮತ್ತು ಫೋಟೊಗಳ ಒಂದು ಪ್ರತಿಯನ್ನು ಸ್ವಂತ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡವರು ಅವನ್ನು ಬೇರೆಡೆಗೆ ಸುಲಭವಾಗಿ ಒಯ್ಯಬಲ್ಲರು.

ಬ್ಲಾಕ್‌ಚೈನಿನಲ್ಲಿ ಒಮ್ಮೆ ಸಾಗಿಹೋದ ಟೋಕನ್ನನ್ನು ವಾಪಸ್ ತರಿಸುವ ಅಧಿಕಾರ ಬ್ಯಾಂಕಿಗೂ ಇಲ್ಲ, ಮಾರುಕಟ್ಟೆಗೂ ಇಲ್ಲ. ವಾಲೆಟ್ಟಿನಿಂದ ಟೋಕನ್ ಕಳುವಾದದ್ದು ಕಂಡೊಡನೆ ಉಳಿದ ಅನುಮತಿಗಳನ್ನು ಹಿಂಪಡೆದು, ಮಿಕ್ಕದ್ದನ್ನು ಹೊಸ ವಾಲೆಟ್ಟಿಗೆ ಸಾಗಿಸಿ, ವ್ಯವಹಾರ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.